ಲೈಸೆನ್ಸ್ ಇದೆ, ಹುದ್ದೆ ಎಲ್ಲಿ? ಫಿಲಿಪ್ಪೀನ್ಸ್ ಲೈಬ್ರರಿಯನ್‌ಗಳ ವೃತ್ತಿ ಬದುಕು

(ಲೈಬ್ರರಿ ಸೈನ್ಸ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಿಗೆ ಕೊಟ್ಟ ಉತ್ತರವನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಫಿಲಿಪ್ಪೀನ್ಸ್‌ನಲ್ಲಿ ಲೈಬ್ರರಿಯನ್ ಆಗಬೇಕಾದರೆ ಡಿಗ್ರಿ ಒಂದೇ ಸಾಲದು. ಅಲ್ಲಿನ ಡಾಕ್ಟರು, ನರ್ಸು, ಎಂಜಿನಿಯರ್ ಬರೆಯುವ ಹಾಗೆಯೇ ಸರ್ಕಾರದ ಬೋರ್ಡ್ ಪರೀಕ್ಷೆ ಬರೆಯಬೇಕು. ಪಾಸಾದ ಮೇಲೆ ಎಲ್ಲರ ಎದುರು ಪ್ರಮಾಣವಚನ ತೆಗೆದುಕೊಳ್ಳಬೇಕು. ಆಮೇಲೆ ಹೆಸರಿನ ಹಿಂದೆ ‘ಆರ್‌ಎಲ್’ ಎಂದು ಹಾಕಿಕೊಳ್ಳಬಹುದು, ರಿಜಿಸ್ಟರ್ಡ್ ಲೈಬ್ರರಿಯನ್ ಅಂತ. ಲೈಸೆನ್ಸ್ ಇಲ್ಲದೆ ಆ ಕೆಲಸ ಮಾಡಿದರೆ ದಂಡವೂ ಇದೆ, ಜೈಲೂ ಇದೆ.

ಇಷ್ಟು ಹೇಳಿದ ಕೂಡಲೇ ಹಿಂದಿನ ಬೆಂಚಿನಲ್ಲಿ ಕೆಲವರ ಮುಖ ಅರಳಿತು. ಗೊತ್ತು ಬಿಡಿ. ನಮ್ಮಲ್ಲಿ ಲೈಬ್ರರಿಯನ್ ಅಂದರೆ ಪುಸ್ತಕಕ್ಕೆ ಸೀಲು ಹೊಡೆಯುವವರು ಅಂದುಕೊಂಡವರೇ ಜಾಸ್ತಿ. ಕಾನೂನೇ ಬೆನ್ನಿಗೆ ನಿಂತರೆ ಎಷ್ಟು ಚೆನ್ನ, ಅಲ್ವಾ? ಆ ಖುಷಿಗೆ ಇವತ್ತು ಸ್ವಲ್ಪ ನೀರು ಚಿಮುಕಿಸಬೇಕು ಅಂತಲೇ ಬಂದಿದ್ದೇನೆ. ಕಾನೂನು ಅಲ್ಲಿನವರಿಗೆ ಗುರುತು ಕೊಟ್ಟಿತು, ಮರ್ಯಾದೆ ಕೊಟ್ಟಿತು. ಹುದ್ದೆ ಮಾತ್ರ ಕೊಡಲಿಲ್ಲ. ಹುದ್ದೆ ಬೇರೆ ಕಡೆಯಿಂದ ಬರಬೇಕಿತ್ತು, ಅದು ಇನ್ನೂ ಪೂರ್ತಿ ಬಂದಿಲ್ಲ. ಅವರ ವೃತ್ತಿ ಬದುಕಿನ ಏರಿಳಿತವೆಲ್ಲ ಈ ಎರಡರ ನಡುವೆಯೇ ನಡೆಯುತ್ತದೆ.

ಮೊದಲು ಹಿಂದಿನ ಕಥೆಯನ್ನು ಬೇಗ ಮುಗಿಸಿಬಿಡೋಣ. ಸ್ಪೇನ್ ಆಳ್ವಿಕೆಯ ಕಾಲದಲ್ಲಿ, 1887ರ ಆಗಸ್ಟ್ 12ರಂದು ಮನಿಲಾದಲ್ಲಿ ಒಂದು ಮ್ಯೂಸಿಯಂ ಮತ್ತು ಲೈಬ್ರರಿ ಆಗಲಿ ಎಂದು ರಾಜಾಜ್ಞೆ ಹೊರಟಿತು. ಈಗಿನ ಅವರ ನ್ಯಾಷನಲ್ ಲೈಬ್ರರಿ ತನ್ನ ಮೂಲವನ್ನು ಅಲ್ಲಿಂದಲೇ ಎಣಿಸುತ್ತದೆ. ಆಗಸ್ಟ್ 12 ಅಂದರೆ ನಮಗೆ ಭಾರತದ ಲೈಬ್ರರಿ ಸೈನ್ಸ್‌ಗೆ ಅಡಿಪಾಯ ಹಾಕಿದ ರಂಗನಾಥನ್ ಅವರ ಹುಟ್ಟುಹಬ್ಬ ಆಚರಿಸುವ ದಿನ, ಗ್ರಂಥಪಾಲಕರ ದಿನ. ಸುಮ್ನೆ ಕಾಕತಾಳೀಯ ಅಷ್ಟೆ, ಆದರೆ ನೆನಪಿಟ್ಟುಕೊಳ್ಳಲು ಸುಲಭ. ಆಮೇಲೆ ಅಮೆರಿಕದವರು ಬಂದರು. ಯುದ್ಧದಲ್ಲಿ ಸತ್ತ ಸೈನಿಕರ ನೆನಪಿಗೆ ಕೆಲವು ಅಮೆರಿಕನ್ ಹೆಂಗಸರು ಸೇರಿ 1900ರಲ್ಲಿ ಸುಮಾರು ಸಾವಿರ ಪುಸ್ತಕಗಳ ಒಂದು ಲೈಬ್ರರಿ ತೆರೆದರು. ಮರುವರ್ಷ ಅದನ್ನು ಸರ್ಕಾರಕ್ಕೆ ಒಪ್ಪಿಸಿದರು. 1914ರ ಹೊತ್ತಿಗೆ ಯೂನಿವರ್ಸಿಟಿ ಆಫ್ ದಿ ಫಿಲಿಪ್ಪೀನ್ಸ್‌ನಲ್ಲಿ ಲೈಬ್ರರಿ ಸೈನ್ಸ್ ಪಾಠ ಶುರುವಾಗಿತ್ತು. 1923ರಲ್ಲಿ ಲೈಬ್ರರಿಯನ್‌ಗಳ ಸಂಘವೂ ಹುಟ್ಟಿತು.

ಇಷ್ಟು ಬೇಗ ಬೇರು ಬಿಟ್ಟಿದ್ದ ವೃತ್ತಿಗೆ 1945ರಲ್ಲಿ ದೊಡ್ಡ ಪೆಟ್ಟು ಬಿತ್ತು. ಮನಿಲಾ ಕದನದಲ್ಲಿ ನಗರವೇ ಸುಟ್ಟುಹೋಯಿತು. ನ್ಯಾಷನಲ್ ಲೈಬ್ರರಿಯಲ್ಲಿ ಯುದ್ಧಕ್ಕೆ ಮುಂಚೆ ಏಳು ಲಕ್ಷಕ್ಕೂ ಹೆಚ್ಚು ಪುಸ್ತಕ, ದಾಖಲೆಗಳಿದ್ದವು. ಉಳಿದದ್ದು ಸುಮಾರು 36 ಸಾವಿರ. ಯೂನಿವರ್ಸಿಟಿಯ ಲೈಬ್ರರಿಯೂ ಉರಿದುಹೋಯಿತು. ಅದನ್ನು ವರ್ಷಗಟ್ಟಲೆ ಕಟ್ಟಿ ಬೆಳೆಸಿದ್ದ ಗೇಬ್ರಿಯೆಲ್ ಬರ್ನಾರ್ಡೊ ಮತ್ತೆ ಮೊದಲಿನಿಂದ ಶುರು ಮಾಡಬೇಕಾಯಿತು. ಅಲ್ಲಿನ ಹಳೆಯ ಲೈಬ್ರರಿಯನ್‌ಗಳು ಸಂಗ್ರಹ ಎಂಬ ವಿಷಯ ಬಂದಾಗ ಸ್ವಲ್ಪ ಭಾವುಕರಾಗುವುದಕ್ಕೆ ಇದೇ ಕಾರಣ.

ಈಗ ಲೈಸೆನ್ಸಿಗೆ ಬರೋಣ. ಸಂಘದವರು ವರ್ಷಗಟ್ಟಲೆ ಓಡಾಡಿದ ಮೇಲೆ 1990ರಲ್ಲಿ ರಿಪಬ್ಲಿಕ್ ಆ್ಯಕ್ಟ್ 6966 ಬಂತು. ಮೊದಲ ಪರೀಕ್ಷೆ ನಡೆದದ್ದು 1992ರಲ್ಲಿ. ಆ ಕಾನೂನಿನಲ್ಲಿದ್ದ ಸಡಿಲ ಜಾಗಗಳನ್ನು ಬಿಗಿ ಮಾಡಿ ಇನ್ನೊಂದು ಬಂತು, ರಿಪಬ್ಲಿಕ್ ಆ್ಯಕ್ಟ್ 9246. ಹೆಸರಿನಲ್ಲಿ 2003 ಎಂದಿದ್ದರೂ ಅದಕ್ಕೆ ಸಹಿ ಬಿದ್ದದ್ದು 2004ರ ಫೆಬ್ರವರಿಯಲ್ಲಿ. ಈಗ ಲೈಬ್ರರಿ ಸೈನ್ಸ್‌ನಲ್ಲೇ ಡಿಗ್ರಿ ಅಥವಾ ಮಾಸ್ಟರ್ಸ್ ಇದ್ದವರು ಮಾತ್ರ ಪರೀಕ್ಷೆಗೆ ಕೂರಬಹುದು. ಇತಿಹಾಸ ಓದಿ, ಆಮೇಲೆ ಒಂದಷ್ಟು ಲೈಬ್ರರಿ ಪೇಪರ್ ಮುಗಿಸಿ ಒಳಗೆ ಬರುವ ಹಳೆಯ ದಾರಿ ಮುಚ್ಚಿತು.

ಪರೀಕ್ಷೆ ಹೇಗಿರುತ್ತದೆ? ಆರು ವಿಷಯ. ಲೈಬ್ರರಿ ಆಡಳಿತ ಮತ್ತು ಕಾನೂನಿಗೆ 20 ಭಾಗ. ರೆಫರೆನ್ಸ್ ಸೇವೆಗೆ, ಅಂದರೆ ಓದುಗರಿಗೆ ಬೇಕಾದ ಮಾಹಿತಿ ಹುಡುಕಿಕೊಡುವುದಕ್ಕೆ 20. ಕ್ಯಾಟಲಾಗಿಂಗ್, ಕ್ಲಾಸಿಫಿಕೇಶನ್‌ಗೆ, ಅಂದರೆ ಪುಸ್ತಕಗಳ ಪಟ್ಟಿ ಮಾಡಿ ವಿಷಯವಾರು ವಿಂಗಡಿಸುವುದಕ್ಕೆ 20. ಇಂಡೆಕ್ಸಿಂಗ್‌ಗೆ (ವಿಷಯಸೂಚಿ ಮಾಡುವುದಕ್ಕೆ) 15, ಪುಸ್ತಕ ಆಯ್ಕೆ ಮತ್ತು ಖರೀದಿಗೆ 15, ಮಾಹಿತಿ ತಂತ್ರಜ್ಞಾನಕ್ಕೆ 10. ಒಟ್ಟಾರೆ ಸರಾಸರಿ 75 ಬರಬೇಕು, ಯಾವ ವಿಷಯದಲ್ಲೂ 50ಕ್ಕಿಂತ ಕೆಳಗೆ ಇಳಿಯಬಾರದು. ತಂತ್ರಜ್ಞಾನಕ್ಕೆ ಬರೀ 10 ಭಾಗ ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಲೈಬ್ರರಿ ನಡೆಸಲು ಬಳಸುವ ಕೋಹಾ ಸಾಫ್ಟ್‌ವೇರ್ ಗೊತ್ತಿಲ್ಲದೆ ಇವತ್ತು ಮನಿಲಾದಲ್ಲಿ ಕೆಲಸ ಹುಡುಕುವುದು ಕಷ್ಟ. ಪರೀಕ್ಷೆ ಮಾತ್ರ ಇನ್ನೂ ಕ್ಯಾಟಲಾಗ್ ಕಾರ್ಡಿನ ಕಾಲದ ತೂಕವನ್ನೇ ಹಿಡಿದುಕೊಂಡಿದೆ.

ಪಾಸಾದವರ ಹೆಸರನ್ನು ಪ್ರೊಫೆಶನಲ್ ರೆಗ್ಯುಲೇಶನ್ ಕಮಿಷನ್ ಪ್ರಕಟಿಸುತ್ತದೆ. ಅವರೆಲ್ಲ ಕರೆಯುವುದು ಪಿಆರ್‌ಸಿ ಎಂದೇ. ಮೊದಲ ಹತ್ತು ಸ್ಥಾನ ಪಡೆದವರು ‘ಟಾಪ್‌ನಾಚರ್’ಗಳು. ನಮ್ಮಲ್ಲಿ ಊರ ಹುಡುಗ ಐಎಎಸ್ ಪಾಸಾದರೆ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಕಟ್ಟುತ್ತಾರಲ್ಲ, ಅಲ್ಲಿ ಬೋರ್ಡ್ ಪರೀಕ್ಷೆ ಪಾಸಾದವರಿಗೆ ಹಾಗೆಯೇ ಟಾರ್ಪಾಲಿನ್ ಕಟ್ಟುತ್ತಾರೆ. ಫೋಟೋ, ಹೆಸರು, ಹೆಸರಿನ ಹಿಂದೆ ಆರ್‌ಎಲ್. ಕಾಲೇಜಿನವರು ಕಟ್ಟುತ್ತಾರೆ, ಮನೆಯವರು ಕಟ್ಟುತ್ತಾರೆ, ಕೆಲವು ಸಲ ಊರಿನ ಕೌನ್ಸಿಲರ್ ತನ್ನ ಫೋಟೋವನ್ನೂ ಪಕ್ಕದಲ್ಲಿ ಸೇರಿಸಿ ಕಟ್ಟಿಸುತ್ತಾರೆ. ಲೈಬ್ರರಿಯನ್ ಆದದ್ದಕ್ಕೆ ಬೀದಿಯಲ್ಲಿ ಬ್ಯಾನರ್! ಇದನ್ನು ನೋಡಿ ನನಗೆ ಹೊಟ್ಟೆಕಿಚ್ಚು ಆಗಲಿಲ್ಲ ಅಂತ ಹೇಳಲಾರೆ.

ಇನ್ನೊಂದು ದೊಡ್ಡ ಲಾಭವೂ ಇದೆ. ಫಿಲಿಪ್ಪೀನ್ಸ್‌ನಲ್ಲಿ ಸರ್ಕಾರಿ ಕೆಲಸಕ್ಕೆ ಸೇರಲು ಸಿವಿಲ್ ಸರ್ವಿಸ್ ಅರ್ಹತೆ ಬೇಕು. ಬೋರ್ಡ್ ಪರೀಕ್ಷೆ ಪಾಸಾದವರಿಗೆ ಅದು ತಾನಾಗಿಯೇ ಸಿಗುತ್ತದೆ. ಅದಕ್ಕೆ 1954ರಷ್ಟು ಹಿಂದೆಯೇ ಆ್ಯಕ್ಟ್ 1080 ಎಂಬ ಕಾನೂನು ಮಾಡಿಟ್ಟಿದ್ದಾರೆ. ಹಾಗಾಗಿ ಕಾಗದದ ಮೇಲೆ ನೋಡಿದರೆ ದಾರಿ ತುಂಬಾ ಸಲೀಸು. ಡಿಗ್ರಿ, ಪರೀಕ್ಷೆ, ಅರ್ಹತೆ, ಸರ್ಕಾರಿ ಕೆಲಸ.

ಆದರೆ ಸರ್ಕಾರಿ ಕೆಲಸ ಅಂದರೆ ಯಾವ ಕೆಲಸ ಎಂಬಲ್ಲಿ ಗಂಟು ಬೀಳುತ್ತದೆ.

ಅಲ್ಲಿ ಕಾಯಂ ಹುದ್ದೆಗೆ ‘ಪ್ಲಾಂಟಿಲ್ಯ’ ಎನ್ನುತ್ತಾರೆ. ಸುಮ್ಮನೆ ‘ಐಟಮ್’ ಎಂದೂ ಹೇಳುತ್ತಾರೆ. ‘ನಿನಗೆ ಐಟಮ್ ಸಿಕ್ಕಿತಾ?’ ಇದು ಅಲ್ಲಿನ ಕಿರಿಯ ಲೈಬ್ರರಿಯನ್‌ಗಳು ಒಬ್ಬರನ್ನೊಬ್ಬರು ಕೇಳುವ ಪ್ರಶ್ನೆ. ಸಿಗದವರಿಗೆ ಉಳಿಯುವುದು ‘ಜಾಬ್ ಆರ್ಡರ್’, ಚಿಕ್ಕದಾಗಿ ಜೆಒ. ಅಂದರೆ ಕೆಲವು ತಿಂಗಳ ಕರಾರು. ಕೆಲಸ ಮಾಡಿದ ದಿನಕ್ಕೆ ಮಾತ್ರ ಹಣ. ಸಂಬಳದ ರಜೆ ಇಲ್ಲ, ಸರ್ಕಾರಿ ಪಿಂಚಣಿ ನಿಧಿ ಇಲ್ಲ. ಅದಕ್ಕಿಂತ ಕೆಟ್ಟದ್ದು, ಮಾಡಿದ ವರ್ಷಗಳು ಸರ್ಕಾರಿ ಸೇವೆಯ ಲೆಕ್ಕಕ್ಕೇ ಬರುವುದಿಲ್ಲ. ವರ್ಷಗಟ್ಟಲೆ ಅದೇ ಲೈಬ್ರರಿಯಲ್ಲಿ ಕೂತಿದ್ದರೂ ಕಾಗದದ ಮೇಲೆ ನೀವು ಸರ್ಕಾರದ ನೌಕರರೇ ಅಲ್ಲ.

ಲೈಸೆನ್ಸ್ ಇರುವ ವೃತ್ತಿಯಲ್ಲಿ ಹೀಗೇಕೆ? ಜನ ಸಾಮಾನ್ಯವಾಗಿ ಮೇಯರ್‌ಗಳನ್ನು ಬೈಯುತ್ತಾರೆ. ಪುಸ್ತಕದ ಬಗ್ಗೆ ಆಸಕ್ತಿಯಿಲ್ಲದ ಮೇಯರ್‌ಗಳು ಅಲ್ಲಿಯೂ ಇದ್ದಾರೆ, ಸಂಶಯ ಬೇಡ. ಆದರೆ ನಿಜವಾದ ಬಿಗಿ ಇರುವುದು ಬಜೆಟ್ ನಿಯಮದಲ್ಲಿ. 1991ರ ಲೋಕಲ್ ಗವರ್ನಮೆಂಟ್ ಕೋಡ್ ಪ್ರಕಾರ ಸಾರ್ವಜನಿಕ ಲೈಬ್ರರಿ ನಡೆಸುವ ಹೊಣೆ ಪ್ರಾಂತ್ಯ, ನಗರ, ಪಟ್ಟಣಗಳ ಸ್ಥಳೀಯ ಸರ್ಕಾರಗಳ ಮೇಲೆ ಬಿತ್ತು. ಅದೇ ಕೋಡ್ ಇನ್ನೊಂದು ಸಾಲನ್ನೂ ಬರೆಯಿತು. ಸಿಬ್ಬಂದಿ ಸಂಬಳಕ್ಕೆ ಆದಾಯದ ಶೇ 45ಕ್ಕಿಂತ ಹೆಚ್ಚು ಖರ್ಚು ಮಾಡುವಂತಿಲ್ಲ. ಬಡ ಪಟ್ಟಣಗಳಾದರೆ ಶೇ 55. ಈ ಮಿತಿಯೊಳಗೆ ಡಾಕ್ಟರ್, ಎಂಜಿನಿಯರ್, ಖಜಾಂಚಿ, ಸಮಾಜ ಸೇವಾಧಿಕಾರಿ ಎಲ್ಲರೂ ಬರಬೇಕು. ಲೈಬ್ರರಿಯನ್ ಸರದಿ ಕೊನೆಗೆ. ಜೆಒ ಸಂಬಳ ಮಾತ್ರ ಬೇರೆ ಖಾತೆಯಿಂದ ಹೋಗುತ್ತದೆ, ಕರೆಂಟ್ ಬಿಲ್ಲು, ಕಾಗದ, ಇಂಕು ಬರುವ ನಿರ್ವಹಣಾ ಖಾತೆಯಿಂದ. ಆ ಖಾತೆಗೆ ಈ ಮಿತಿ ತಾಗುವುದಿಲ್ಲ. ಹಾಗಾಗಿ ಒಳ್ಳೆಯ ಮನಸ್ಸಿನ ಮೇಯರ್ ಕೂಡ ಲೈಬ್ರರಿಯನ್‌ರನ್ನು ಇಂಕಿನ ಲೆಕ್ಕದಲ್ಲಿ ನೇಮಿಸಿಕೊಳ್ಳುತ್ತಾರೆ.

1994ರಲ್ಲಿ ಆ್ಯಕ್ಟ್ 7743 ಬಂತು. ಪ್ರತಿ ನಗರಕ್ಕೆ, ಪಟ್ಟಣಕ್ಕೆ ಲೈಬ್ರರಿ ಇರಬೇಕು, ಪ್ರತಿ ಬರಂಗಾಯ್‌ಗೆ ಓದುವ ಕೇಂದ್ರ ಇರಬೇಕು ಎಂದಿತು. ಬರಂಗಾಯ್ ಅಂದರೆ ನಮ್ಮ ಗ್ರಾಮ ಪಂಚಾಯಿತಿಗಿಂತ ಚಿಕ್ಕ ಘಟಕ. ದೇಶದಲ್ಲಿ 42 ಸಾವಿರಕ್ಕೂ ಹೆಚ್ಚು ಇವೆ. ಅಷ್ಟು ಕಡೆ ಓದುವ ಕೇಂದ್ರ ಎಲ್ಲಿ ಬರಬೇಕು? ಹತ್ತು ವರ್ಷ ಕಳೆದು ಬಂದ 9246 ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸರ್ಕಾರಿ ಲೈಬ್ರರಿಗಳಲ್ಲಿ ಲೈಸೆನ್ಸ್ ಇರುವವರೇ ಇರಬೇಕು, ಸ್ಥಳೀಯ ಸರ್ಕಾರಗಳಿಗೆ ಮೂರು ವರ್ಷ ಗಡುವು ಎಂದಿತು. ಆ ಗಡುವು 2007ಕ್ಕೇ ಮುಗಿದಿದೆ. ಸಂಬಳದ ಮಿತಿ ಹಾಗೆಯೇ ಇದೆ. ಒಂದು ಕಾನೂನು ‘ನೇಮಿಸು’ ಎನ್ನುತ್ತದೆ, ಇನ್ನೊಂದು ‘ಖರ್ಚು ಮಾಡಬೇಡ’ ಎನ್ನುತ್ತದೆ. ಎರಡನೆಯದನ್ನು ಆಡಿಟ್‌ನವರು ಬಂದು ನೋಡುತ್ತಾರೆ. ಮೊದಲನೆಯದನ್ನು ಯಾರೂ ನೋಡುವುದಿಲ್ಲ.

ಐಟಮ್ ಸಿಕ್ಕವರ ಕಥೆ ಪರವಾಗಿಲ್ಲ. ಸರ್ಕಾರದಲ್ಲಿ ಏಣಿ ಸ್ಪಷ್ಟವಾಗಿದೆ. ‘ಲೈಬ್ರರಿಯನ್ ಒಂದು’ ಎಂಬ ಮೊದಲ ದರ್ಜೆಗೆ ಸ್ಯಾಲರಿ ಗ್ರೇಡ್, ಅಂದರೆ ಸಂಬಳದ ಶ್ರೇಣಿ, 11. ಎರಡು ಅಂದರೆ 15, ಮೂರು ಅಂದರೆ 18, ನಾಲ್ಕಕ್ಕೆ 22. ಗ್ರೇಡ್ 11ಕ್ಕೆ 2023ರಲ್ಲಿ ತಿಂಗಳಿಗೆ 27,000 ಪೆಸೊ ಇತ್ತು. ಸರ್ಕಾರಿ ಶಾಲೆಗೆ ಹೊಸದಾಗಿ ಸೇರುವ ಟೀಚರ್‌ಗೂ ಅದೇ ಗ್ರೇಡ್. ನರ್ಸ್‌ಗಳು ಮಾತ್ರ ಗ್ರೇಡ್ 15ರಿಂದ ಶುರು ಮಾಡುತ್ತಾರೆ, ಅದೇ ವರ್ಷ 36,619 ಪೆಸೊ. ಅವರಿಗೂ ಬೋರ್ಡ್ ಪರೀಕ್ಷೆ, ಇವರಿಗೂ ಬೋರ್ಡ್ ಪರೀಕ್ಷೆ. ವ್ಯತ್ಯಾಸ ಏನು ಗೊತ್ತಾ? 2002ರ ನರ್ಸಿಂಗ್ ಕಾನೂನಿನಲ್ಲೇ ಗ್ರೇಡ್ 15 ಎಂದು ಬರೆಸಿಕೊಂಡಿದ್ದರು. ಸರ್ಕಾರ ವರ್ಷಗಟ್ಟಲೆ ಕೊಡಲಿಲ್ಲ. ಸುಪ್ರೀಂ ಕೋರ್ಟಿನ ತನಕ ಹೋಗಿ 2019ರಲ್ಲಿ ಆ ಸಾಲು ಊರ್ಜಿತ ಎನ್ನಿಸಿಕೊಂಡು, ಅದರ ಮುಂದಿನ ವರ್ಷ ದೊರಕಿಸಿಕೊಂಡರು. ಕಾನೂನಿನಲ್ಲಿ ಒಂದು ಸಾಲು ಇದ್ದದ್ದಕ್ಕೆ ಕೋರ್ಟಿಗೆ ಹೋಗಲು ಆಯಿತು. ಲೈಬ್ರರಿಯನ್‌ಗಳ ಕೈಯಲ್ಲಿ ಅಂಥ ಸಾಲು ಇರಲಿಲ್ಲ.

ಏಣಿ ಸ್ಪಷ್ಟವಾಗಿದ್ದರೂ ಮೆಟ್ಟಿಲು ಖಾಲಿಯಾಗಬೇಕಲ್ಲ. ಚಿಕ್ಕ ನಗರದ ಲೈಬ್ರರಿಯಲ್ಲಿ ‘ಲೈಬ್ರರಿಯನ್ ಮೂರು’ ದರ್ಜೆಯ ಹುದ್ದೆ ಇದ್ದರೂ ಒಂದೇ ಒಂದು ಇರುತ್ತದೆ. ಅಲ್ಲಿ ಕೂತವರು ನಿವೃತ್ತರಾಗುವ ತನಕ ಕೆಳಗಿನವರು ಕಾಯಬೇಕು. ಕಾಯಲಾರದವರು ಬೇರೆ ಊರಿನ ಐಟಮ್ ನೋಡುತ್ತಾರೆ. ಬಡ್ತಿ ಅಂದರೆ ಅಲ್ಲಿ ಎಷ್ಟೋ ಸಲ ಊರು ಬಿಡುವುದು.

ಶಾಲೆಗಳ ಕಥೆ ಇನ್ನೊಂದು. 1966ರ ಶಿಕ್ಷಕರ ಮ್ಯಾಗ್ನ ಕಾರ್ಟ ಕಾನೂನು ‘ಟೀಚರ್’ ಎಂಬುದರೊಳಗೇ ಶಾಲಾ ಲೈಬ್ರರಿಯನ್‌ರನ್ನೂ ಸೇರಿಸಿದೆ. ಗೌರವದ ಮಾತೇ. ಆದರೆ ಹೆಚ್ಚಿನ ಸರ್ಕಾರಿ ಶಾಲೆಗಳಲ್ಲಿ ಇರುವುದು ಟೀಚರ್-ಲೈಬ್ರರಿಯನ್. ಪಾಠದ ಹೊರೆ ಹೊತ್ತುಕೊಂಡೇ ಬಿಡುವಿನ ಪಿರಿಯಡ್‌ನಲ್ಲಿ ಲೈಬ್ರರಿ ಬಾಗಿಲು ತೆಗೆಯುವವರು. ಅದಕ್ಕಾಗಿ ಜಾಣ ಹುಡುಗಿಯರು ಎರಡೂ ಲೈಸೆನ್ಸ್ ಮಾಡಿಟ್ಟುಕೊಳ್ಳುತ್ತಾರೆ, ಟೀಚರ್‌ದೂ ಲೈಬ್ರರಿಯನ್‌ದೂ. ಹುಡುಗಿಯರು ಎಂದೇಕೆ ಹೇಳಿದೆ ಎಂದರೆ ಈ ವೃತ್ತಿಯಲ್ಲಿ ಅಲ್ಲಿ ಹೆಂಗಸರೇ ಹೆಚ್ಚು.

ಖಾಸಗಿ ಕಾಲೇಜುಗಳಲ್ಲಿ ಲೈಬ್ರರಿಯನ್‌ಗೆ ಬಲ ಕೊಟ್ಟಿರುವುದು ಅಕ್ರೆಡಿಟೇಶನ್, ಅಂದರೆ ತಂಡವೊಂದು ಬಂದು ಕಾಲೇಜಿನ ಗುಣಮಟ್ಟ ನೋಡಿ ಮಾನ್ಯತೆ ಕೊಡುವುದು, ನಮ್ಮ ನ್ಯಾಕ್ ಇದ್ದ ಹಾಗೆ. ಪಾಸ್ಕು ಎಂಬ ಸಂಸ್ಥೆ 1957ರಿಂದ ಈ ಕೆಲಸ ಮಾಡುತ್ತಿದೆ. ತಂಡ ಬರುತ್ತದೆ ಎಂದಾಗ ಹೊಸ ಕುರ್ಚಿ ಬರುತ್ತವೆ, ಹೊಸ ಪುಸ್ತಕ ಬರುತ್ತವೆ, ಎಷ್ಟೋ ದಿನದಿಂದ ಕೇಳುತ್ತಿದ್ದ ಇನ್ನೊಂದು ಲೈಬ್ರರಿಯನ್ ಹುದ್ದೆಯೂ ಬರುತ್ತದೆ. ಈ ಸಭೆಯಲ್ಲಿ ಕೆಲವರು ನಗುತ್ತಿದ್ದೀರಿ. ನ್ಯಾಕ್ ಅನುಭವ ಇದ್ದವರೇ ಇರಬೇಕು.

ದೊಡ್ಡ ಯೂನಿವರ್ಸಿಟಿಗಳಲ್ಲಿ ಸ್ಥಾನಮಾನ ಇನ್ನೂ ಚೆನ್ನಾಗಿದೆ. ಯೂನಿವರ್ಸಿಟಿ ಆಫ್ ದಿ ಫಿಲಿಪ್ಪೀನ್ಸ್‌ನಲ್ಲಿ ಲೈಬ್ರರಿಯನ್‌ಗಳು ಆಫೀಸ್ ಸಿಬ್ಬಂದಿಯೊಳಗೆ ಬರುವುದಿಲ್ಲ, ಸಂಶೋಧಕರ ಜೊತೆಗೆ ಒಂದು ಪ್ರತ್ಯೇಕ ವರ್ಗಕ್ಕೆ ಸೇರುತ್ತಾರೆ. ಡೆ ಲಾ ಸಾಲ್ ಯೂನಿವರ್ಸಿಟಿಯಲ್ಲಿ ಅವರನ್ನು ಬೋಧಕ ವರ್ಗದ ಒಂದು ಭಾಗವಾಗಿಯೇ ನೋಡುತ್ತಾರೆ. ಅಂಥ ಕಡೆ ಮೇಲೆ ಹೋಗಲು ಲೇಖನ ಬರೆಯಬೇಕು, ಸಮ್ಮೇಳನದಲ್ಲಿ ಮಂಡಿಸಬೇಕು. ನನ್ನ ಪ್ರಕಾರ ಫಿಲಿಪಿನೋ ಲೈಬ್ರರಿಯನ್‌ಗಳ ಒಳ್ಳೆಯ ಬರಹ ಇಂಥ ಜಾಗಗಳಿಂದ ಬರುವುದಕ್ಕೆ ಇದೇ ಕಾರಣ. ಬುದ್ಧಿ ಎಲ್ಲ ಕಡೆಯೂ ಇದೆ. ಬರೆದರೆ ಬಡ್ತಿ ಸಿಗುವುದು ಕೆಲವು ಕಡೆ ಮಾತ್ರ.

ವಿಶೇಷ ಲೈಬ್ರರಿಗಳನ್ನೂ ಮರೆಯಬಾರದು. ಲಾಸ್ ಬಾನ್ಯೋಸ್‌ನಲ್ಲಿ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಇದೆ, 1960ರಲ್ಲಿ ಶುರುವಾದದ್ದು. ಭತ್ತದ ಬಗ್ಗೆ ಜಗತ್ತಿನಲ್ಲೇ ದೊಡ್ಡ ಸಂಗ್ರಹ ಅಲ್ಲಿಯ ಲೈಬ್ರರಿಯದು. ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಕೇಂದ್ರ ಕಚೇರಿಯೂ ಮನಿಲಾ ಮಹಾನಗರದಲ್ಲೇ ಇದೆ. ಇಂಥ ಕಡೆ ಸೇರಿದವರಿಗೆ ಪ್ಲಾಂಟಿಲ್ಯದ ಚಿಂತೆ ಇಲ್ಲ. ಆದರೆ ಕುರ್ಚಿಗಳು ಕೈಬೆರಳೆಣಿಕೆಯಷ್ಟು.

ಈಗ ನನಗೆ ಬಹಳ ಇಷ್ಟವಾದ ಭಾಗ, ಸಂಘಗಳು. 1923ರಲ್ಲಿ ಹುಟ್ಟಿದ ಸಂಘ ಈಗ ಫಿಲಿಪ್ಪೀನ್ ಲೈಬ್ರರಿಯನ್ಸ್ ಅಸೋಸಿಯೇಶನ್. ದೇಶದ ಬೇರೆ ಬೇರೆ ಭಾಗಗಳಲ್ಲಿ ಅದರ ಪ್ರಾದೇಶಿಕ ಮಂಡಳಿಗಳಿವೆ. ವಿಶೇಷ ಲೈಬ್ರರಿಗಳಿಗೆ 1954ರಿಂದ ಬೇರೆ ಸಂಘ, ಕಾಲೇಜು ಲೈಬ್ರರಿಗಳಿಗೆ 1972ರಿಂದ ಬೇರೆ, ಶಾಲೆಗಳಿಗೆ ಇನ್ನೊಂದು. ಒಬ್ಬರೇ ಮೂರು ಸಂಘದ ಸದಸ್ಯರಾಗಿರುವುದು ಮಾಮೂಲು. ಮೇಲಿನ ಮೆಟ್ಟಿಲು ಖಾಲಿಯಾಗದ ಊರಿನಲ್ಲಿ ಕೂತ ಲೈಬ್ರರಿಯನ್‌ಗೆ ಸಂಘದ ಕಾರ್ಯದರ್ಶಿ ಆಗುವುದು, ಒಂದು ಕಾರ್ಯಾಗಾರ ನಡೆಸುವುದು, ಭಾಷಣಕಾರರಾಗಿ ಬೇರೆ ದ್ವೀಪಕ್ಕೆ ಹೋಗುವುದು, ಇದೇ ಬೆಳವಣಿಗೆ. ಹುದ್ದೆ ಬದಲಾಗುವುದಿಲ್ಲ, ಮನುಷ್ಯ ಬದಲಾಗುತ್ತಾರೆ. ನವೆಂಬರ್ ಬಂತೆಂದರೆ ಕೇಳುವುದೇ ಬೇಡ. 1991ರಿಂದ ಅದು ಲೈಬ್ರರಿ ಮತ್ತು ಮಾಹಿತಿ ಸೇವೆಗಳ ತಿಂಗಳು. ಕೊನೆಯ ವಾರ ಪುಸ್ತಕ ಸಪ್ತಾಹ. ಕಥೆ ಹೇಳುವ ಸ್ಪರ್ಧೆ, ರಸಪ್ರಶ್ನೆ, ವೇಷ ಹಾಕುವ ಸ್ಪರ್ಧೆ, ಎಲ್ಲದಕ್ಕೂ ಲೈಬ್ರರಿಯನ್‌ರೇ ಓಡಾಡಬೇಕು.

ಈ ಸಂತೋಷದ ಮೇಲೆ 2016ರಲ್ಲಿ ಒಂದು ಕಾನೂನು ಬಂದು ಕೂತಿತು. ಆ್ಯಕ್ಟ್ 10912. ವೃತ್ತಿ ಕಾರ್ಡನ್ನು ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು, ಅದಕ್ಕೆ ತರಬೇತಿಯ ಅಂಕಗಳನ್ನು ಕೂಡಿಹಾಕಿರಬೇಕು. ಇವನ್ನು ‘ಸಿಪಿಡಿ ಯೂನಿಟ್’ ಎನ್ನುತ್ತಾರೆ. ಉದ್ದೇಶ ಒಳ್ಳೆಯದೇ. ಆದರೆ ಸೆಮಿನಾರ್ ನಡೆಯುವುದು ಬಗ್ಯೊ, ತಗಾಯ್‌ತಾಯ್‌ನಂಥ ತಂಪು ಪ್ರವಾಸಿ ಊರುಗಳಲ್ಲಿ. ನೋಂದಣಿ ಶುಲ್ಕ, ಬಸ್ಸು, ಹೋಟೆಲ್. ಐಟಮ್ ಇರುವವರಿಗೆ ಆಫೀಸ್ ಕೊಡಬಹುದು. ಜೆಒದಲ್ಲಿ ಇರುವವರಿಗೆ ಯಾರು ಕೊಡುತ್ತಾರೆ? ಅವರಿಗೆ ಸೆಮಿನಾರ್ ದಿನದ ಕೂಲಿಯೂ ಹೋಯಿತು. ಎಲ್ಲ ವೃತ್ತಿಗಳವರೂ ಗಲಾಟೆ ಮಾಡಿದರು, ಕಾನೂನನ್ನೇ ತೆಗೆಯಿರಿ ಎಂಬ ಮಾತು ಸಂಸತ್ತಿನ ತನಕ ಹೋಯಿತು, ಆಮೇಲೆ ಪಿಆರ್‌ಸಿ ಸ್ವಲ್ಪ ಸಡಿಲ ಮಾಡಿತು. ಕೋವಿಡ್ ನಂತರ ಆನ್‌ಲೈನ್ ತರಬೇತಿ ಹೆಚ್ಚಿದ್ದು ದೂರದ ದ್ವೀಪಗಳವರಿಗೆ ನಿಜಕ್ಕೂ ಉಪಕಾರವಾಗಿದೆ.

ಇನ್ನು ಹೊರದೇಶ. ಫಿಲಿಪ್ಪೀನ್ಸ್ ಬಗ್ಗೆ ಮಾತಾಡಿ ಇದನ್ನು ಬಿಡಲು ಆಗುವುದಿಲ್ಲ. ಲೈಬ್ರರಿಯನ್‌ಗಳೂ ಸೌದಿ, ಕತಾರ್, ಯುಎಇ, ಸಿಂಗಪುರಕ್ಕೆ ಹೋಗುತ್ತಾರೆ. ಗಲ್ಫ್‌ನ ಕಾಲೇಜು ಲೈಬ್ರರಿಗಳಿಗೆ ಹೋದರೆ ನಮ್ಮ ಮಂಗಳೂರು ಕಡೆಯವರೂ ಫಿಲಿಪಿನೋಗಳೂ ಅಕ್ಕಪಕ್ಕದ ಮೇಜಿನಲ್ಲಿ ಸಿಗುತ್ತಾರೆ. ನಾನೂ ಅಂಥ ಒಂದು ಕಡೆ ಕೆಲಸ ಮಾಡಿದವನು. ಪಕ್ಕದಲ್ಲಿದ್ದವರು ಲೈಸೆನ್ಸ್ ಇದ್ದ, ಮಾಸ್ಟರ್ಸ್ ಮಾಡಿದ್ದ ಫಿಲಿಪಿನೋ ಮಹಿಳಾ ಲೈಬ್ರರಿಯನ್. ಅವರ ಹುದ್ದೆಯ ಹೆಸರು ಮಾತ್ರ ‘ಲೈಬ್ರರಿ ಅಸಿಸ್ಟೆಂಟ್’. ಅವರ ಆರ್‌ಎಲ್‌ಗೂ ಅಲ್ಲಿ ಬೆಲೆ ಇರಲಿಲ್ಲ, ನನ್ನ ಎಂಲಿಬ್‌ಗೂ, ಅಂದರೆ ಲೈಬ್ರರಿ ಸೈನ್ಸ್ ಮಾಸ್ಟರ್ಸ್‌ಗೂ, ಇರಲಿಲ್ಲ. ಅಲ್ಲಿ ದೊಡ್ಡ ಹುದ್ದೆಗೆ ಕೇಳುತ್ತಿದ್ದದ್ದು ಅಮೆರಿಕನ್ ಲೈಬ್ರರಿ ಅಸೋಸಿಯೇಶನ್ ಮಾನ್ಯ ಮಾಡಿದ ಮಾಸ್ಟರ್ಸ್. ಆ ಮಾನ್ಯತೆ ಅಮೆರಿಕ, ಕೆನಡಾ, ಪೋರ್ಟೊ ರಿಕೊದ ಕೋರ್ಸ್‌ಗಳಿಗೆ ಮಾತ್ರ. ಅಮೆರಿಕದವರೇ ಕಲಿಸಿ ಶುರು ಮಾಡಿದ ಪಾಠಕ್ಕೆ ನೂರು ವರ್ಷವಾದರೂ ಅಮೆರಿಕದ ಮುದ್ರೆ ಇಲ್ಲ ಎನ್ನುವುದನ್ನು ಆಕೆ ನಗುತ್ತಲೇ ಹೇಳುತ್ತಿದ್ದರು.

ಕಾಗದಪತ್ರದ ಕಷ್ಟವೂ ಇತ್ತು. ಮೊದಲು ಡಿಗ್ರಿಗೆ ‘ರೆಡ್ ರಿಬ್ಬನ್’, ಅಂದರೆ ದಾಖಲೆ ಅಸಲಿ ಎಂಬ ಸರ್ಕಾರದ ದೃಢೀಕರಣ, ಕಟ್ಟಿಸಿಕೊಂಡು, ಆಮೇಲೆ ರಾಯಭಾರ ಕಚೇರಿಗೆ ಅಲೆಯಬೇಕಿತ್ತು. 2019ರ ಮೇ ತಿಂಗಳಲ್ಲಿ ಫಿಲಿಪ್ಪೀನ್ಸ್ ಅಪೋಸ್ಟೀಲ್ ಒಪ್ಪಂದಕ್ಕೆ, ಅಂದರೆ ಒಂದು ದೇಶದ ದೃಢೀಕರಣವನ್ನು ಇನ್ನೊಂದು ದೇಶ ಹಾಗೆಯೇ ಒಪ್ಪುವ ಒಪ್ಪಂದಕ್ಕೆ, ಬಂದ ಮೇಲೆ ಕೆಲವು ದೇಶಗಳಿಗೆ ಅದು ಸುಲಭವಾಯಿತು. ಒಪ್ಪಂದದಲ್ಲಿ ಇಲ್ಲದ ದೇಶಗಳಿಗೆ ಅಲೆದಾಟ ತಪ್ಪಿಲ್ಲ.

ಹೋದವರಲ್ಲಿ ಎಲ್ಲರೂ ಹಣಕ್ಕಾಗಿಯೇ ಹೋದವರಲ್ಲ. ಊರಿನಲ್ಲಿ ಐಟಮ್ ಸಿಕ್ಕಿದ್ದರೆ ಬರುತ್ತಲೇ ಇರಲಿಲ್ಲ ಎಂದವರನ್ನು ನಾನು ನೋಡಿದ್ದೇನೆ. ತಮಾಷೆ ಏನೆಂದರೆ ಅವರು ಗಲ್ಫ್‌ನಲ್ಲಿ ಕೂತೇ ಆರ್‌ಎಲ್ ಕಾರ್ಡ್ ನವೀಕರಿಸುತ್ತಿದ್ದರು. ಅಲ್ಲಿ ಅದರಿಂದ ಒಂದು ಪೈಸೆ ಉಪಯೋಗವಿಲ್ಲ. ಆದರೂ ಬಿಡುತ್ತಿರಲಿಲ್ಲ.

ಇನ್ನು ಪ್ರಶ್ನೆಗಳು. ‘ನಮ್ಮಲ್ಲೂ ಇಂಥ ಲೈಸೆನ್ಸ್ ಬರಬೇಕಾ ಸರ್?’ ಎಂದು ಒಬ್ಬರು ಕೇಳಿದರು. ಬರಲಿ, ಬೇಡ ಅನ್ನುವುದಿಲ್ಲ. ಆದರೆ ಮೊದಲು ಕೇಳಬೇಕಾದದ್ದು ಹುದ್ದೆ. ಕರ್ನಾಟಕಕ್ಕೆ 1965ರಷ್ಟು ಹಿಂದೆಯೇ ಸಾರ್ವಜನಿಕ ಗ್ರಂಥಾಲಯ ಕಾನೂನು ಬಂದಿದೆ. ಆಸ್ತಿ ತೆರಿಗೆಯ ಮೇಲೆ ಶೇ 6 ಗ್ರಂಥಾಲಯ ಕರ ಇದೆ. ಲೈಬ್ರರಿಗೆಂದೇ ಹೀಗೆ ಕರ ಕಟ್ಟಿಸಿಕೊಳ್ಳುವ ದಾರಿ ಮನಿಲಾದವರಿಗೆ ಇಲ್ಲ. ಅವರಿಗೆ ಲೈಸೆನ್ಸ್ ಇದೆ, ನಮಗೆ ಕರ ಇದೆ. ನಮ್ಮ ಪಂಚಾಯಿತಿ ಲೈಬ್ರರಿಗಳನ್ನು ನೋಡಿಕೊಳ್ಳುವವರು ಗೌರವಧನದ ಮೇಲೆ ಎಷ್ಟು ವರ್ಷ ದುಡಿದರು ಎಂದು ಕೇಳಿ ನೋಡಿ. ಅವರ ಮಾತಿಗೂ ಜೆಒ ಲೈಬ್ರರಿಯನ್ ಮಾತಿಗೂ ಅಷ್ಟೇನೂ ಫರಕು ಕಾಣುವುದಿಲ್ಲ. ನೀವು ಲೈಸೆನ್ಸ್ ಕಾನೂನು ಕೇಳುವುದಾದರೆ ನರ್ಸ್‌ಗಳ ಹಾಗೆ ಸಂಬಳದ ಸಾಲನ್ನೂ ಅದರೊಳಗೇ ಬರೆಸಿ.

ಇನ್ನೊಬ್ಬರು ಕೇಳಿದ್ದು, ಭಾರತದವರು ಹೋಗಿ ಆ ಪರೀಕ್ಷೆ ಬರೆಯಬಹುದಾ ಎಂದು. ಅಲ್ಲಿನ ಕಾನೂನಿನಲ್ಲಿ ವಿದೇಶಿಯರಿಗೆ ಒಂದು ಷರತ್ತು ಇದೆ. ನಿಮ್ಮ ದೇಶ ಫಿಲಿಪಿನೋಗಳಿಗೆ ತನ್ನವರಿಗೆ ಕೊಟ್ಟಷ್ಟೇ ಅವಕಾಶವನ್ನು ಈ ವೃತ್ತಿಯಲ್ಲಿ ಕೊಡುತ್ತದೆ ಎಂದು ತೋರಿಸಬೇಕು. ನಮ್ಮಲ್ಲಿ ಲೈಬ್ರರಿಯನ್‌ಗಳನ್ನು ನೋಂದಾಯಿಸುವ ಬೋರ್ಡೇ ಇಲ್ಲ. ಹಾಗಿರುವಾಗ ಆ ಪತ್ರಕ್ಕೆ ಸಹಿ ಹಾಕುವವರು ಯಾರು ಎಂದು ನೀವೇ ಹುಡುಕಬೇಕು.